ಧನುರ್ಮಾಸಕ್ಕೆ ಮೊದಲು ಬರಬೇಕಿದ್ದ ರಿಪೋರ್ಟು

ನಮ್ಮ ಸ್ಕ್ಯಾನಿಂಗ್ ಕೋಣೆಗೆ ರೋಗಿಗಿಂತ ಮೊದಲು ಬರುವುದು ರೋಗಿಯ ಕಡೆಯವರು. ಮಗನೋ ಅಳಿಯನೋ ಬಾಗಿಲನ್ನು ಅರ್ಧ ತೆರೆದು ತಲೆಯನ್ನಷ್ಟೇ ಒಳಗೆ ಹಾಕುತ್ತಾರೆ. ಹಿಂದೆ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿಕೊಂಡು, ದನಿ ತಗ್ಗಿಸಿ, “ಮೇಡಂ, ಏನೇ ಇದ್ರೂ ಅವ್ರಿಗೆ ಹೇಳ್ಬೇಡಿ, ನಂಗೆ ಹೇಳಿ” ಅನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ಮೊದಮೊದಲು ವಾದ ಮಾಡುತ್ತಿದ್ದೆ. ರೋಗ ಯಾರದು, ಹೊಟ್ಟೆ ಯಾರದು, ಹೇಳಬೇಕಾದ್ದು ಯಾರಿಗೆ ಎಂದು ಉಪದೇಶ ಕೊಡುತ್ತಿದ್ದೆ. ಈಗ ನನಗೆ ಐವತ್ತನಾಲ್ಕು ವರ್ಷ. ದಿನಕ್ಕೆ ನಲವತ್ತು ಹೊಟ್ಟೆ ನೋಡುವವಳಿಗೆ ವಾದ ಮಾಡುವ ತ್ರಾಣ ಎಲ್ಲಿಂದ ಬರಬೇಕು?

ನಾನಿರುವುದು ಕೆಂಗೇರಿ ಉಪನಗರದಲ್ಲಿ. ಬೆಳಿಗ್ಗೆ ಮೆಟ್ರೋ ಹತ್ತಿ ವಿಜಯನಗರದ ಸೆಂಟರಿಗೆ ಹೋಗುತ್ತೇನೆ, ಸಂಜೆ ಬಸವೇಶ್ವರನಗರದ ಇನ್ನೊಂದಕ್ಕೆ. ಎರಡೂ ಕಡೆ ಅದೇ ಕತ್ತಲೆ, ಅದೇ ಎ.ಸಿ., ಗಂಡೋ ಹೆಣ್ಣೋ ಹೇಳುವುದಿಲ್ಲವೆಂಬ ಅದೇ ಬೋರ್ಡು. ಹೊಟ್ಟೆಯ ಮೇಲೆ ಪ್ರೋಬ್ ಒತ್ತಿ ಒತ್ತಿ ಬಲಭುಜ ಹಿಡಿದುಕೊಂಡಿದೆ. ತಲೆ ಬಾಚಿಕೊಳ್ಳುವುದು ಎಡಗೈಯಲ್ಲಿ. ಊರವರ ಒಡಲೊಳಗಿನದನ್ನೆಲ್ಲ ನೋಡುವ ನನಗೆ ನನ್ನ ಭುಜ ತೋರಿಸಿಕೊಳ್ಳಲು ಪುರಸೊತ್ತಿಲ್ಲ. ಇದನ್ನು ಹೇಳಿದರೆ ನನ್ನ ಗಂಡ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಆ ಹೆಂಗಸು ಮೊದಲ ಸಲ ವಿಜಯನಗರದ ಸೆಂಟರಿಗೆ ಬಂದದ್ದು ದೀಪಾವಳಿ ಕಳೆದ ವಾರ. ಐವತ್ತು ದಾಟಿರಬಹುದು, ಬ್ಯಾಡರಹಳ್ಳಿಯ ಕಡೆಯವರು. ಊರು ಹಳ್ಳಿಯಾಗಿದ್ದಾಗ ಜಮೀನಿದ್ದವರು. ಈಗ ಆ ಜಮೀನಿನ ಮೇಲೆ ಮನೆಗಳೆದ್ದಿವೆ, ಕೆರೆಯ ಕೆಳಗೆ ಒಂದು ತುಂಡು ಮಾತ್ರ ಉಳಿದಿದೆ. ಗಂಡ ತೀರಿಹೋಗಿ ಆರೇಳು ವರ್ಷ. ಮಗನದು ಹಾರ್ಡ್‌ವೇರ್ ಅಂಗಡಿ. ತಲೆ ಒಳಗೆ ಹಾಕಿ ಎಂದಿನ ಮಾತು ಹೇಳಿದವನೂ ಅವನೇ. ಹೇಳಿದ ಮೇಲೆ ಹೊರಗೆ ಹೋಗಲಿಲ್ಲ. ಅಮ್ಮನನ್ನು ಮಲಗಿಸಿ ಅವರ ತಲೆಯ ಹತ್ತಿರ ನಿಂತ.

ಎರಡು ತಿಂಗಳಿಂದ ಸಂಜೆ ಸಂಜೆ ಜ್ವರ, ಬಲಪಕ್ಕೆಯಲ್ಲಿ ನೋವು, ಊಟ ಸೇರುವುದಿಲ್ಲ, ಆರು ಕೆ.ಜಿ. ಇಳಿದಿದ್ದಾರೆ. ಇದಿಷ್ಟನ್ನೂ ಹೇಳಿದ್ದು ಮಗ. ನಾನು ಪ್ರಶ್ನೆ ಕೇಳುತ್ತಿದ್ದುದು ಆಕೆಯ ಮುಖ ನೋಡಿಕೊಂಡೇ. ಆಕೆ ಬಾಯಿ ತೆರೆಯುವಷ್ಟರಲ್ಲಿ ಉತ್ತರ ಮೇಲಿನಿಂದ ಬರುತ್ತಿತ್ತು. ಊಟ ತಿಂಡಿ ಹೇಗೆ ಎಂದರೆ, “ಎಲ್ಲಾ ಮನೇದೇ ಮೇಡಂ, ಹೊರಗಡೆ ಏನೂ ಮುಟ್ಟಲ್ಲ ಅಮ್ಮ” ಅಂದ. ನಾನೂ ಅಲ್ಲಿಗೆ ಬಿಟ್ಟೆ. ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು. ಅವರಲ್ಲಿ ಅರ್ಧ ಜನ ಸ್ಕ್ಯಾನಿಂಗಿಗೆಂದು ಮೂತ್ರ ತಡೆದುಕೊಂಡು ಕೂತವರು, ನಮ್ಮ ರಿಸೆಪ್ಷನ್ ಹುಡುಗಿಯನ್ನು ಬೈಯುತ್ತಿದ್ದರು.

ಲಿವರ್‌ನ ಬಲಭಾಗದಲ್ಲಿ, ಅಂಚಿಗೆ ಹತ್ತಿರ, ಕಪ್ಪು ಕಲೆಗಳು. ಏಳೋ ಎಂಟೋ, ಗುಂಪಾಗಿ, ಅಂಚು ಸ್ಪಷ್ಟವಿಲ್ಲ. ಐವತ್ತು ದಾಟಿದವರು, ತೂಕ ಇಳಿದಿದೆ, ಲಿವರಿನಲ್ಲಿ ಗಡ್ಡೆ. ಇಂಥದ್ದನ್ನು ನಾನು ನೂರಾರು ನೋಡಿದ್ದೇನೆ. ಬೇರೆಲ್ಲೋ ಹುಟ್ಟಿದ ಕ್ಯಾನ್ಸರ್ ಲಿವರಿಗೆ ಹರಡಿರುವ ಸಾಧ್ಯತೆ ಹೆಚ್ಚು ಎಂದು ಬರೆದೆ. ಆ ‘ಹೆಚ್ಚು’ ಟೈಪ್ ಮಾಡಲು ಅರೆಗಳಿಗೆಯೂ ಬೇಕಾಗಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ಅವತ್ತು ನನ್ನ ಕೈಯಲ್ಲಿತ್ತು.

ಮಗನನ್ನು ಪಕ್ಕದ ಕೋಣೆಗೆ ಕರೆದು ಹೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ನೋಡುತ್ತ ನಿಂತ. ಆಮೇಲೆ ಅತ್ತುಬಿಟ್ಟ. ನೀರು ಕೊಟ್ಟೆ. ಮುಖ ಒರೆಸಿಕೊಂಡು, “ಅಮ್ಮಂಗೆ ಲಿವರ್ ಊದಿದೆ ಅಂತ ಹೇಳ್ತೀನಿ ಮೇಡಂ. ಯಾರಾದ್ರೂ ಕೇಳಿದ್ರೆ ನೀವೂ ಅಷ್ಟೇ ಹೇಳಿ” ಅಂದ. ಸರಿ ಅಂದೆ. ಅವನ ಮೇಲೆ ನನಗೆ ಆಗಲೂ ಕೋಪ ಬರಲಿಲ್ಲ, ಈಗಲೂ ಇಲ್ಲ. ನನ್ನ ತಾಯಿಯ ವಿಷಯದಲ್ಲಿ ನಾನು ಮಾಡಿದ್ದೂ ಅದನ್ನೇ. ಡಾಕ್ಟರ್ ಆಗಿಯೂ ಮಾಡಿದೆ.

ಆ ಹೆಂಗಸನ್ನು ಅವರ ಮಾಮೂಲಿ ಡಾಕ್ಟರು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸಿ.ಟಿ. ಆಯಿತು, ಸಿ.ಟಿ. ನೋಡಿದವರು ನನ್ನ ಮಾತಿಗೇ ಹೂಂ ಅಂದರು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಕ್ಯಾನ್ಸರ್ ಕಣ ಸಿಗಲಿಲ್ಲ. ಸತ್ತ ಮಾಂಸ ಮತ್ತು ಉರಿಯೂತ ಮಾತ್ರ ಇದೆ, ಸ್ಯಾಂಪಲ್ ಸಾಲದು, ಮತ್ತೊಮ್ಮೆ ತೆಗೆಯಿರಿ ಎಂದು ಬರೆದು ಬಂತು. ಎಲ್ಲರೂ ‘ಮತ್ತೊಮ್ಮೆ ತೆಗೆಯಿರಿ’ ಅನ್ನುವುದನ್ನು ಓದಿದರು. ಸಿಗಲಿಲ್ಲ ಅನ್ನುವುದನ್ನು ಯಾರೂ ಓದಲಿಲ್ಲ. ಇರುವುದು ಗೊತ್ತೇ ಇದೆ, ಸೂಜಿಗೆ ಸಿಕ್ಕಿಲ್ಲ ಅಷ್ಟೇ ಎಂಬುದು ಎಲ್ಲರ ಲೆಕ್ಕ. ಆ ಲೆಕ್ಕದ ಮೊದಲ ಅಂಕಿ ಬರೆದವಳು ನಾನು.

ಎರಡನೇ ಸಲ ಆಕೆ ನನ್ನ ಹತ್ತಿರ ಬಂದದ್ದು ಸುಮಾರು ಒಂದು ತಿಂಗಳು ಬಿಟ್ಟು. ನೋವು ಜಾಸ್ತಿಯಾಗಿತ್ತು, ಆಸ್ಪತ್ರೆಯ ಲಿವರ್ ಡಾಕ್ಟರು ಇನ್ನೊಂದು ಸಲ ಸ್ಕ್ಯಾನ್ ಮಾಡಿಸಿ ಎಂದಿದ್ದರು. ಎರಡನೇ ಸೂಜಿಯನ್ನು ಮನೆಯವರು ಮುಂದಕ್ಕೆ ಹಾಕಿದ್ದರು. ಯಾಕೆಂದರೆ ಮನೆಯಲ್ಲಿ ಮದುವೆ. ಮಗ ಬಾಗಿಲಲ್ಲೇ ಹೇಳಿದ, “ಇನ್ನು ಹನ್ನೊಂದು ದಿನಕ್ಕೆ ತಂಗಿ ಮದ್ವೆ ಮೇಡಂ. ಧನುರ್ಮಾಸ ಬಂದ್ಬಿಟ್ರೆ ಒಂದು ತಿಂಗಳು ಏನೂ ಮಾಡಂಗಿಲ್ಲ. ಅಷ್ಟೊತ್ತಿಗೆ ಅಮ್ಮ ಹೆಂಗಿರ್ತಾರೋ. ಅವ್ರ ಕಣ್ಮುಂದೆ ಆಗ್ಲಿ ಅಂತ.” ನಾನು ಒಳ್ಳೆಯದಾಯಿತು ಅಂದೆ. ಇಂಥ ಮದುವೆಗಳು ನಮ್ಮಲ್ಲಿ ಹೊಸದಲ್ಲ. ನಾನು ರಿಪೋರ್ಟು ಬರೆದ ವಾರದಲ್ಲೇ ಜಾತಕ ತೆಗೆಸಿದ ಎಷ್ಟೋ ಜನರನ್ನು ಕಂಡಿದ್ದೇನೆ.

ಅಷ್ಟರಲ್ಲಿ ಅವನಿಗೆ ಛತ್ರದವರ ಫೋನು ಬಂತು. ಅಡುಗೆಯವರದೇನೋ ಜಗಳ. ಅವನು ಹೊರಗೆ ಹೋದ. ಆ ಕೋಣೆಯಲ್ಲಿ ಮೊದಲ ಬಾರಿಗೆ ಆಕೆ ಮತ್ತು ನಾನು ಇಬ್ಬರೇ ಉಳಿದೆವು.

ಮಗ ಹೋದದ್ದೇ ತಡ, ಆಕೆ ಮಾತು ಶುರುವಿಟ್ಟುಕೊಂಡರು. ಇಷ್ಟು ದಿನ ಎಲ್ಲಿ ಬಚ್ಚಿಟ್ಟುಕೊಂಡಿದ್ದರೋ. ಜೆಲ್ ತಣ್ಣಗಿದೆ ಅಂದರು, ನನ್ನ ಕೈ ನೋಯುತ್ತಿದೆಯೇ ಎಂದು ಕೇಳಿದರು. ಅದನ್ನು ಕೇಳಿದ ರೋಗಿ ಬೇರೊಬ್ಬರಿಲ್ಲ. ಆಮೇಲೆ ಮದುವೆಯ ವಿಷಯ. “ಮಗಳನ್ನ ನನ್ನ ತಮ್ಮಂಗೇ ಕೊಡ್ತಿದೀವಿ ಮೇಡಂ. ಅವನು ನಂಗಿಂತ ಹದಿನೆಂಟು ವರ್ಷ ಚಿಕ್ಕವನು, ಎತ್ತಿ ಆಡ್ಸಿದೀನಿ. ನೀವೂ ಬರ್ಬೇಕು. ಕಾರ್ಡು ಕಳಿಸ್ತೀನಿ. ನಂಗೆ ಮರವು ಜಾಸ್ತಿ ಆಗಿದೆ, ನೀವೇ ಒಂದ್ಸಲ ಜ್ಞಾಪಿಸಿ. ಆಷಾಢದಿಂದ ದಿನಾ ಬೆಳಿಗ್ಗೆ ಒಂದೆಲಗ ತಿಂತಾ ಇದೀನಿ, ಆದ್ರೂ ಮರ್ತು ಹೋಗುತ್ತೆ.”

ಒಂದೆಲಗ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ನನಗೂ ಮರೆವು ಶುರುವಾಗಿದೆ, ಅದಕ್ಕೇ ಕೇಳಿದ್ದು. ಡಾಕ್ಟರಾಗಿ ಕೇಳಿದ್ದಲ್ಲ. ನಿಜ ಹೇಳುತ್ತೇನೆ, ಕೀರ್ತಿ ನನಗೆ ಬೇಡ.

“ದುಡ್ಡು ಕೊಟ್ಟು ಯಾರು ತಗೊಳ್ತಾರೆ ಮೇಡಂ! ನಮ್ಮ ಜಮೀನ್ ಪಕ್ಕ ಕಾಲುವೆ ಐತಲ್ಲ, ಅದರ ಅಂಚಲ್ಲೇ ಹಾಸ್ಕೊಂಡು ಬಿದ್ದಿರುತ್ತೆ. ಬೆಳಿಗ್ಗೆ ಹಸು ಬಿಡೋಕೆ ಹೋದಾಗ ಕಿತ್ಕೊಂಡು, ಅಲ್ಲೇ ನೀರಲ್ಲಿ ಅದ್ದಿ ತಿಂದ್ಬಿಡ್ತೀನಿ. ಕುರಿಯೋರು ಅಲ್ಲೇ ನೀರು ಕುಡಿಸ್ತಾರೆ, ಗಲೀಜು ಅಂತ ಮಗ ಬೈತಾನೆ. ಅದಕ್ಕೆ ಅವನಿಗೆ ಹೇಳಲ್ಲ.”

ನನ್ನ ಕೈ ನಿಂತಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಲ್ಲಲಿಲ್ಲ, ಪ್ರೋಬ್ ತನ್ನಷ್ಟಕ್ಕೆ ಹೋಗುತ್ತಲೇ ಇತ್ತು. ಪರದೆಯ ಮೇಲೆ ಕಲೆಗಳು ಕಂಡವು. ಹಳೆಯ ಚಿತ್ರಗಳನ್ನು ತೆಗೆದು ಪಕ್ಕದಲ್ಲಿಟ್ಟೆ. ಒಂದು ತಿಂಗಳ ಹಿಂದೆ ಇದ್ದ ಜಾಗದಲ್ಲಿ ಮೂರು ಕಲೆ ಮಾಸಿದ್ದವು. ಅಲ್ಲಿಂದ ಎರಡು ಬೆರಳು ಒಳಗೆ, ಮೊದಲು ಏನೂ ಇಲ್ಲದ ಕಡೆ, ಹೊಸದು ನಾಲ್ಕು ಇದ್ದವು. ನಡುವೆ ಒಂದು ತೆಳು ಜಾಡು. ಕ್ಯಾನ್ಸರ್ ಬೆಳೆಯುತ್ತದೆ, ಹರಡುತ್ತದೆ, ಆದರೆ ಇದ್ದ ಮನೆ ಖಾಲಿ ಮಾಡಿ ಪಕ್ಕದ ಬೀದಿಗೆ ಹೋಗುವುದಿಲ್ಲ. ಇದು ಯಾವುದೋ ಪ್ರಾಣಿ ತಿನ್ನುತ್ತ ನಡೆದ ದಾರಿ.

ಅವರ ಫೈಲು ತೆರೆದೆ. ಮೂರನೇ ಹಾಳೆಯಲ್ಲಿ ಆಸ್ಪತ್ರೆಯ ಮಾಮೂಲಿ ರಕ್ತಪರೀಕ್ಷೆ. ಬಿಳಿ ರಕ್ತಕಣಗಳಲ್ಲಿ ಇಯೊಸಿನೊಫಿಲ್ ಎಂಬ ಒಂದು ಜಾತಿ ಉಂಟು, ಅಲರ್ಜಿಗೂ ಹುಳುವಿಗೂ ಏರುವಂಥದ್ದು. ನೂರರಲ್ಲಿ ನಾಲ್ಕೈದು ಇರಬೇಕಾದ್ದು ಮೂವತ್ತೆಂಟು ಇತ್ತು. ಪಕ್ಕದಲ್ಲಿ ಯಾರೋ ಪೆನ್ಸಿಲ್‌ನಲ್ಲಿ ‘ಉಬ್ಬಸ?’ ಎಂದು ಗುರುತು ಹಾಕಿದ್ದರು. ಆಕೆಗೆ ಉಬ್ಬಸವಿದೆಯೇ ಎಂದು ಮಗನನ್ನು ಕೇಳಿರುತ್ತಾರೆ, ಅವನು ಚಳಿಗಾಲದಲ್ಲಿ ಸ್ವಲ್ಪ ಇರುತ್ತೆ ಅಂದಿರುತ್ತಾನೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನಮಗೆ ಕನ್ನಡಿ ಕೊಟ್ಟರೂ ಸಾಲಲಿಲ್ಲ.

ದನ ಕುರಿಗಳ ಲಿವರಿನಲ್ಲಿ ಎಲೆಯ ಆಕಾರದ ಒಂದು ಚಪ್ಪಟೆ ಹುಳು ಇರುತ್ತದೆ. ಅದರ ಮೊಟ್ಟೆ ಸಗಣಿ, ಹಿಕ್ಕೆಯ ಜೊತೆ ನೀರು ಸೇರುತ್ತದೆ, ಮರಿ ನೀರಿನ ಬಸವನಹುಳುವಿನೊಳಗೆ ಬೆಳೆಯುತ್ತದೆ, ಆಮೇಲೆ ಹೊರಬಂದು ನೀರಂಚಿನ ಸೊಪ್ಪಿಗೆ ಅಂಟಿಕೊಂಡು ಕೂರುತ್ತದೆ. ಆ ಸೊಪ್ಪನ್ನು ಹಸಿಯಾಗಿ ತಿಂದರೆ, ತಿಂದದ್ದು ಹಸುವಾಗಲಿ ಮನುಷ್ಯರಾಗಲಿ, ಕರುಳು ಕೊರೆದು ಲಿವರು ಹೊಗುತ್ತದೆ. ಇದನ್ನೆಲ್ಲ ಕಾಲೇಜಿನಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತಿದ್ದೆ. ನಮ್ಮ ಕಡೆ ಮನುಷ್ಯರಲ್ಲಿ ಬಹಳ ಅಪರೂಪ. ಇಷ್ಟು ವರ್ಷದಲ್ಲಿ ಒಂದೂ ನೋಡಿರಲಿಲ್ಲ. ನೋಡಿಯೂ ಬೇರೆ ಹೆಸರು ಬರೆದು ಕಳಿಸಿದ್ದೆನೋ ಏನೋ, ಆ ಯೋಚನೆ ಈಗ ಆಗಾಗ ಬರುತ್ತದೆ.

ಮಗ ಒಳಗೆ ಬಂದಾಗ ಆಕೆ ಮಾತು ನಿಲ್ಲಿಸಿದರು. ನಾನೂ ನಿಲ್ಲಿಸಿದೆ. ಇನ್ನೊಂದು ರಕ್ತಪರೀಕ್ಷೆ ಬೇಕಾಗಬಹುದು, ಡಾಕ್ಟರಿಗೆ ಫೋನ್ ಮಾಡುತ್ತೇನೆ ಅಂದೆ.

ಲಿವರ್ ಡಾಕ್ಟರು ನನಗಿಂತ ಚಿಕ್ಕವರು, ಒಳ್ಳೆಯವರು, ಹೇಳಿದ್ದನ್ನು ಕೇಳಿಸಿಕೊಳ್ಳುವವರು. ಪೂರ್ತಿ ಕೇಳಿ, “ಅಯ್ಯೋ ಮೇಡಂ, ಇದು ನಮ್ಗೆ ಹೊಳೀಲೇ ಇಲ್ಲ ನೋಡಿ” ಅಂದರು. ಮಲ ಪರೀಕ್ಷೆ ಮಾಡಿಸಿದರೂ ಇಷ್ಟು ಬೇಗ ಮೊಟ್ಟೆ ಸಿಗುವುದಿಲ್ಲ, ರಕ್ತದಲ್ಲೇ ಹುಡುಕಬೇಕು, ಆ ಪರೀಕ್ಷೆ ಇಲ್ಲಿ ಮಾಡುವುದಿಲ್ಲ, ಬೇರೆ ಊರಿಗೆ ಕಳಿಸಬೇಕು, ಹತ್ತು ಹನ್ನೆರಡು ದಿನ ಹಿಡಿಯುತ್ತದೆ ಅಂದರು. ಫೋನ್ ಇಡುವ ಮೊದಲು, “ಈಗ್ಲೇ ಮನೆಯವ್ರಿಗೆ ಏನೂ ಹೇಳ್ಬೇಡಿ ಮೇಡಂ. ಹುಳ ಅಂತ ಹೇಳಿ ಆಮೇಲೆ ಕ್ಯಾನ್ಸರೇ ಆದ್ರೆ? ಆಸೆ ಹುಟ್ಟಿಸಿ ಕಿತ್ಕೊಂಡಂಗೆ ಆಗುತ್ತೆ” ಅಂದರು.

ಅದು ಸರಿಯಾದ ಮಾತೇ. ನಮ್ಮ ಕೆಲಸದಲ್ಲಿ ಎಲ್ಲರೂ ಒಪ್ಪುವ ಮಾತು. ಒಂದು ತಿಂಗಳ ಹಿಂದೆ ‘ಕ್ಯಾನ್ಸರ್’ ಅನ್ನಲು ಯಾಕೆ ಯಾರೂ ಖಚಿತಕ್ಕೆ ಕಾಯಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಕೆಟ್ಟದ್ದನ್ನು ಊಹೆಯಲ್ಲೇ ಹೇಳಬಹುದು, ಒಳ್ಳೆಯದಕ್ಕೆ ಮಾತ್ರ ಲ್ಯಾಬಿನ ಸೀಲು ಬೇಕು. ಇಂಥ ನಿಯಮದಲ್ಲಿ ನಾನು ಇಪ್ಪತ್ತೆಂಟು ವರ್ಷ ಬದುಕಿದ್ದೇನೆ.

ರಕ್ತ ಕಳಿಸಿದರು. ನನಗೆ ದಿನಕ್ಕೆ ನಲವತ್ತು ಹೊಟ್ಟೆ ಮುಂದುವರಿಯಿತು.

ಮದುವೆಗೆ ನಾಲ್ಕು ದಿನವಿದ್ದಾಗ, ಬುಧವಾರ ಸಂಜೆ, ಬಸವೇಶ್ವರನಗರದ ಸೆಂಟರಿಗೆ ಒಬ್ಬಳು ಹುಡುಗಿ ಬಂದಳು. ಸ್ಕ್ಯಾನಿಂಗಿಗೆ ಅಲ್ಲ. ಅವತ್ತಿನ ಕೊನೆಯ ರೋಗಿ ಎದ್ದುಹೋಗುವ ತನಕ ಬೆಂಚಿನ ಮೇಲೆ ಕಾದು ಕೂತಿದ್ದಳು. ಕೈಗೆ ಆಗಲೇ ಹಸಿರು ಬಳೆ ತೊಡಿಸಿದ್ದರು. “ನೀವೇ ಅಲ್ವಾ ಮೇಡಂ, ಅಮ್ಮಂಗೆ ಮೊದಲು ಸ್ಕ್ಯಾನ್ ಮಾಡಿದ್ದು?” ಅಂದಳು. ಯಾವ ಅಮ್ಮ ಎಂದು ಕೇಳಬೇಕಾಗಲಿಲ್ಲ, ಮುಖ ಹಾಗೇ ಇತ್ತು. ವಿಜಯನಗರದಲ್ಲಿ ವಿಚಾರಿಸಿ, ಸಂಜೆ ಇಲ್ಲಿರುತ್ತೇನೆಂದು ತಿಳಿದುಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು.

ಕೂತುಕೊಂಡಳು. ಅಳಲಿಲ್ಲ. ಎಂ.ಎಸ್ಸಿ. ಎರಡನೇ ವರ್ಷವಂತೆ, ಕೆಮಿಸ್ಟ್ರಿ. ಮಾತು ಕೂಡ ಲ್ಯಾಬಿನಲ್ಲಿ ಅಳೆದು ಸುರಿದ ಹಾಗೆ ಇತ್ತು. “ಮಾಮ ಒಳ್ಳೆಯವ್ರು ಮೇಡಂ. ಕಾಮಾಕ್ಷಿಪಾಳ್ಯದಲ್ಲಿ ವರ್ಕ್‌ಶಾಪ್ ಇದೆ. ಕುಡಿಯಲ್ಲ ಏನಿಲ್ಲ. ಆದ್ರೆ ಮಾಮ ಅಂದ್ರೆ ಮಾಮಾನೇ. ಚಿಕ್ಕೋಳಿದ್ದಾಗ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಓಡಾಡ್ದೋರು. ಎರಡು ವರ್ಷದಿಂದ ಅಣ್ಣಂಗೆ ಆಗಲ್ಲ ಅಂತ ಹೇಳ್ಕೊಂಡೇ ಬಂದೆ. ನಾನು ಹುಟ್ಟಿದಾಗ ಅಮ್ಮಾನೇ, ನನ್ನ ತಮ್ಮಂಗೇ ಇವಳು ಅಂದಿದ್ರಂತೆ. ಅಮ್ಮಂಗೆ ಇರೋದು ಅದೊಂದೇ ಆಸೆ, ಇನ್ನೆಷ್ಟು ದಿನ ಇರ್ತಾರೆ ಅಂತ ಅಣ್ಣ ಕಾಲು ಹಿಡ್ಕೊಂಡ. ನಿಜವಾಗ್ಲೂ ಕಾಲು ಹಿಡ್ಕೊಂಡ ಮೇಡಂ. ಒಪ್ಕೊಂಡೆ.”

ಅಮ್ಮನ ಹತ್ತಿರವೇ ಈ ವಿಷಯ ಮಾತಾಡಿದೆಯಾ ಎಂದು ಕೇಳಿದೆ. “ಹೆಂಗೆ ಮಾತಾಡೋದು? ಯಾಕಿಷ್ಟು ಅರ್ಜೆಂಟು ಅಂತ ಕೇಳಿದ್ರೆ ಏನ್ ಹೇಳ್ಲಿ? ಅವ್ರಿಗೆ ಗೊತ್ತಿಲ್ವಲ್ಲ.”

ಆಮೇಲೆ ಕೇಳಬೇಕೆಂದು ಬಂದದ್ದನ್ನು ಕೇಳಿದಳು. “ಅಣ್ಣ ಏನೂ ಸರಿಯಾಗಿ ಹೇಳಲ್ಲ. ನೀವು ಹೇಳಿ ಮೇಡಂ. ಅದು ಕ್ಯಾನ್ಸರ್ ಅಲ್ಲದೇ ಇರೋ ಚಾನ್ಸ್ ಏನಾದ್ರೂ ಇದ್ಯಾ? ಇದ್ರೆ ನಾನು ಇವತ್ತೇ ಮನೇಲಿ ಮಾತಾಡ್ತೀನಿ. ಮದ್ವೆ ಧನುರ್ಮಾಸ ಕಳೆದ ಮೇಲೆ ಇಟ್ಕೊಳ್ಳಿ ಅಂತೀನಿ. ಅಷ್ಟರಲ್ಲಿ ಹೆಂಗಾದ್ರೂ ತಪ್ಪಿಸ್ಕೋತೀನಿ.”

ಇಷ್ಟು ವರ್ಷದಲ್ಲಿ ನನ್ನನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಉತ್ತರವೂ ನನ್ನ ಹತ್ತಿರ ಇತ್ತು. ಚಾನ್ಸ್ ಇದೆ, ಬಹಳ ಇದೆ, ನಿಮ್ಮಮ್ಮ ಕಾಲುವೆ ಬದಿಯ ಸೊಪ್ಪು ತಿಂದಿದ್ದಾರೆ, ಆ ಕಲೆಗಳು ಜಾಗ ಬದಲಿಸಿವೆ, ನಾನು ಬರೆದದ್ದು ತಪ್ಪಿರಬಹುದು. ಅಷ್ಟು ಹೇಳಲು ಎರಡು ನಿಮಿಷ ಸಾಕಿತ್ತು. ನಾನು ಬೆಳಿಗ್ಗೆ ಆರಕ್ಕೆ ಎದ್ದವಳು. ಭುಜ ಉರಿಯುತ್ತಿತ್ತು. ಹೇಳಿದರೆ ಅವಳು ಹೋಗಿ ಅಣ್ಣನಿಗೆ ಹೇಳುತ್ತಾಳೆ, ಅಣ್ಣ ಓಡಿಬರುತ್ತಾನೆ, ಛತ್ರದವರು, ನೆಂಟರು, ಆ ಡಾಕ್ಟರು, ನಾಳೆ ರಿಪೋರ್ಟು ಉಲ್ಟಾ ಬಂದರೆ ಎಲ್ಲರ ಬಾಯಲ್ಲೂ ನಾನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದಿನಾ ಎಲ್ಲರಿಗೂ ಹೇಳುವ ಮಾತು ಬಾಯಿಗೆ ತಾನಾಗಿ ಬಂತು.

“ಎಲ್ಲದ್ರಲ್ಲೂ ಒಂದು ಚಾನ್ಸ್ ಇದ್ದೇ ಇರುತ್ತಮ್ಮ. ಇನ್ನೊಂದು ರಿಪೋರ್ಟ್ ಬರ್ಬೇಕು, ಬರ್ಲಿ ನೋಡೋಣ.”

ಅವಳು ಬುದ್ಧಿವಂತೆ. ಆ ಮಾತಿನ ಅರ್ಥ ಏನೆಂದು ಅವಳಿಗೆ ಗೊತ್ತಿತ್ತು, ಯಾಕೆಂದರೆ ಅದಕ್ಕೆ ಎಲ್ಲ ಕಡೆಯೂ ಒಂದೇ ಅರ್ಥ, ಆಸೆ ಇಟ್ಟುಕೊಳ್ಳಬೇಡ ಎಂದು. ಥ್ಯಾಂಕ್ಸ್ ಮೇಡಂ ಅಂದಳು. ಬಾಗಿಲ ಹತ್ತಿರ ಹೋಗಿ ಮತ್ತೆ ತಿರುಗಿ, ಭಾನುವಾರ ಬನ್ನಿ ಎಂದೂ ಕರೆದಳು. ನಾನು ಲೈಟು ಆರಿಸಿ, ಬ್ಯಾಗು ತಗೊಂಡು, ಆಟೋ ಹಿಡಿದು ಮೆಟ್ರೋ ಸ್ಟೇಷನ್ನಿಗೆ ಹೋದೆ. ಮನೆಯಲ್ಲಿ ಸಾರು ಬಿಸಿ ಮಾಡಿಕೊಂಡು ಉಂಡೆ. ಮಾರನೇ ದಿನ ಅವರ ಮನೆಗೆ ಫೋನ್ ಮಾಡೋಣ ಅಂದುಕೊಂಡೆ. ಫಾರ್ಮಿನಲ್ಲಿ ನಂಬರಿತ್ತು. ಗುರುವಾರ ಮಾಡಲಿಲ್ಲ, ಶುಕ್ರವಾರವೂ ಮಾಡಲಿಲ್ಲ. ಶನಿವಾರ ನಂಬರು ಒತ್ತಿ, ಚಪ್ಪರದ ದಿನ ಯಾರ ಕೈಗೆ ಫೋನು ಸಿಗುತ್ತದೋ ಎಂದುಕೊಂಡು ಕಟ್ ಮಾಡಿದೆ. ಮದುವೆಗೂ ಹೋಗಲಿಲ್ಲ.

ಮಂಗಳವಾರ ಮಧ್ಯಾಹ್ನ ಲಿವರ್ ಡಾಕ್ಟರ ಫೋನು ಬಂತು. “ಮೇಡಂ, ಸ್ಟ್ರಾಂಗ್ ಪಾಸಿಟಿವ್! ಹುಳಾನೇ!” ಅವರ ದನಿಯಲ್ಲಿ ಸಂಭ್ರಮ ಉಕ್ಕುತ್ತಿತ್ತು. ಇದನ್ನು ಡಾಕ್ಟರುಗಳ ಸಭೆಯಲ್ಲಿ ಹೇಳಬೇಕು, ಎಲ್ಲ ನಿಮ್ಮದೇ ಕ್ರೆಡಿಟ್ಟು ಅಂದರು. ನಾನು ಒಳ್ಳೆಯದಾಯಿತು ಅಂದೆ. ಇದೂ ನನ್ನ ಬಾಯಿಗೆ ತಾನಾಗಿ ಬರುವ ಇನ್ನೊಂದು ಮಾತು.

ಔಷಧಿ ಹುಡುಕುವುದಕ್ಕೇ ಹತ್ತು ದಿನವಾಯಿತು. ಕುರಿಗಳಿಗೆ ಕುಡಿಸುವ ಅದೇ ಮದ್ದು ಪಶುವೈದ್ಯರ ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಮನುಷ್ಯರಿಗೆ ಕೊಡುವ ಮಾತ್ರೆ ಇಡೀ ಊರಿನಲ್ಲಿ ಇಲ್ಲ. ಡಾಕ್ಟರು ಎಲ್ಲೆಲ್ಲಿಗೋ ಬರೆದು ತರಿಸಿದರು. ಎರಡೇ ಹೊತ್ತಿನ ಮಾತ್ರೆ, ಊಟವಾದ ಮೇಲೆ. ನುಂಗಿದ ಎರಡನೇ ದಿನ ಹೊಟ್ಟೆ ಹಿಂಡಿ ನೋವು ಬಂತಂತೆ, ಮನೆಯವರು ಹೆದರಿ ಆಸ್ಪತ್ರೆಗೆ ಓಡಿದರಂತೆ. ಸತ್ತ ಹುಳು ಪಿತ್ತನಾಳದಲ್ಲಿ ಇಳಿಯುವಾಗ ಹಾಗಾಗುತ್ತದೆ. ವಾರದೊಳಗೆ ಜ್ವರ ಬಿಟ್ಟಿತು. ಸಂಕ್ರಾಂತಿ ಹೊತ್ತಿಗೆ ಆಕೆ ಅವರೆಕಾಳು ಉಪ್ಪಿಟ್ಟು ಕೇಳಿ ಮಾಡಿಸಿಕೊಂಡು ತಿಂದರು ಎಂದು ಮಗ ಫೋನಿನಲ್ಲಿ ಹೇಳಿದ. ಆಮೇಲೆ ಸೆಂಟರಿಗೇ ಬಂದು ಎಳ್ಳುಬೆಲ್ಲ ಕೊಟ್ಟ. ನೀವು ದೇವರು ಮೇಡಂ ಅಂದ. ನಾನೇನೂ ಅಲ್ಲಪ್ಪ, ಮೊದಲ ಸಲ ತಪ್ಪು ಬರೆದವಳೂ ನಾನೇ ಅಂದೆ. ಅದನ್ನು ಅವನು ವಿನಯ ಅಂದುಕೊಂಡ.

ತಾಯಿಗೆ ಏನು ಹೇಳಿದಿರಿ ಎಂದು ಕೇಳಿದ್ದಕ್ಕೆ, “ಲಿವರಲ್ಲಿ ಹುಳ ಇತ್ತು ಅಂತ ಹೇಳಿದೀವಿ. ಮುಂಚೆ ಏನ್ ಅಂದ್ಕೊಂಡಿದ್ವಿ ಅಂತ ಹೇಳಿಲ್ಲ. ಈಗ ಯಾಕೆ ಸುಮ್ನೆ ಹೆದರಿಸೋದು?” ಅಂದ. ಅದಕ್ಕೂ ನಾನು ತಲೆಯಾಡಿಸಿದೆ.

ಆರು ತಿಂಗಳಾದ ಮೇಲೆ ಕೊನೆಯ ಸ್ಕ್ಯಾನಿಂಗಿಗೆ ಆಕೆ ಮಗಳ ಜೊತೆ ಬಂದರು. ಬಾಗಿಲಲ್ಲಿ ತಲೆ ಹಾಕುವವರು ಯಾರೂ ಇರಲಿಲ್ಲ, ಇಬ್ಬರೂ ಒಟ್ಟಿಗೇ ಒಳಗೆ ಬಂದರು. ಆಕೆ ತುಂಬಿಕೊಂಡಿದ್ದರು. ಕೆನ್ನೆಗೆ ಬಣ್ಣ ಬಂದಿತ್ತು. ಹುಡುಗಿ ನನಗೆ ನಮಸ್ಕಾರ ಮಾಡಿದಳು. ಮೊದಲೇ ಕಂಡಿದ್ದೇವೆ ಅನ್ನುವುದನ್ನು ಅವಳು ತೋರಿಸಿಕೊಳ್ಳಲಿಲ್ಲ. ನಾನೂ ತೋರಿಸಿಕೊಳ್ಳಲಿಲ್ಲ.

ಪ್ರೋಬ್ ಇಟ್ಟು ನೋಡಿದೆ. ಬಲಭಾಗದ ಅಂಚಿನಲ್ಲಿ ಒಂದೆರಡು ಗಾಯದ ಗುರುತು ಬಿಟ್ಟರೆ ಲಿವರು ಸ್ವಚ್ಛವಾಗಿತ್ತು. ಹಾಗಂತ ಹೇಳಿದೆ. ಆಕೆ ಮಲಗಿದಲ್ಲೇ ಕೈ ಮುಗಿದರು. ಮಗಳು ಟಿಶ್ಯೂ ತಗೊಂಡು ತಾಯಿಯ ಹೊಟ್ಟೆಯ ಮೇಲಿನ ಜೆಲ್ ಒರೆಸತೊಡಗಿದಳು.

ಓದು ಹೇಗೆ ನಡೀತಿದೆ ಎಂದು ಅವಳನ್ನು ಕೇಳಿದೆ. ಕೇಳಬಾರದಿತ್ತು. ಅವಳು ಉತ್ತರ ಹೇಳುವ ಮೊದಲೇ ತಾಯಿ ಶುರು ಮಾಡಿದರು.

“ಎಲ್ಲಿ ಓದು ಮೇಡಂ? ಪರೀಕ್ಷೇನೇ ಬರೀಲಿಲ್ಲ. ನಮ್ಮಮ್ಮ ಅಲ್ಲಿ ತಮ್ಮನ ಮನೇಲಿ ಹಾಸಿಗೆ ಹಿಡಿದವ್ರೆ, ಇವಳೇ ನೋಡ್ಕೋಬೇಕು. ನೀವೇ ಕೇಳಿ ಇವಳನ್ನ. ನಾನು ನನ್ನ ತಮ್ಮಂಗೆ ಕೊಡೋದು ಬೇಡ ಅಂತಲೇ ಇದ್ದೆ, ಅವನಿಗೂ ಹೇಳಿದ್ದೆ, ಇವಳು ಓದ್ಕೊಳ್ಳಿ ಬಿಡು ಅಂತ. ಇದ್ದಕ್ಕಿದ್ದಂಗೆ ಒಂದಿನ ಅಣ್ಣ ತಂಗಿ ಇಬ್ರೂ ಬಂದು, ಮಾಮನ್ನೇ ಆಗ್ತೀನಿ, ಈಗ್ಲೇ ಆಗ್ಬೇಕು ಅಂದ್ರು. ಇಷ್ಟ ಪಟ್ಟು ಕೇಳ್ತಾ ಇದಾಳೆ, ನಾನ್ಯಾಕೆ ಅಡ್ಡ ಬರ್ಲಿ ಅಂತ ಹೂಂ ಅಂದೆ.”

“ಇರ್ಲಿ ಬಿಡಮ್ಮ” ಅಂದಳು ಮಗಳು. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದಳು.

“ಏನ್ ಇರ್ಲಿ? ಒಂದು ವರ್ಷ ಕಾದಿದ್ರೆ ಓದು ಮುಗೀತಿತ್ತು. ಯಾಕೆ ಅಷ್ಟು ಆತುರ ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ ಇವಳು.” ಆಕೆ ನನ್ನ ಕಡೆ ತಿರುಗಿ ನಕ್ಕರು. “ನೀವೇ ಹೇಳಿ ಮೇಡಂ, ನಾನೇನು ಸಾಯ್ತಾ ಇದ್ನಾ?”

ಮಗಳು ನನ್ನನ್ನು ನೋಡಿದಳು. ನಾನು ಕಂಪ್ಯೂಟರ್ ಕಡೆ ತಿರುಗಿ ರಿಪೋರ್ಟು ಟೈಪ್ ಮಾಡಿದೆ.